ಗುಪ್ತ, ಆಪ್ತ

ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರದ ಗೋಡೆಯೊಂದರ ಮೇಲೆ ಅಂಗೈಯಗಲದ ಹಳದಿ ಚೀಟಿಯೊಂದನ್ನು ಈಚೆಗೆ ನೋಡಿದೆ. ಗುಪ್ತರೋಗಗಳಿಗೆ ಶಾಶ್ವತ ಪರಿಹಾರ, ವೈದ್ಯರು ತಿಂಗಳ ಮೊದಲ ಭಾನುವಾರ ಇಂಥ ಲಾಡ್ಜಿನ ಇಂಥ ರೂಮಿನಲ್ಲಿ ಸಿಗುತ್ತಾರೆ ಎಂದು ಬರೆದಿತ್ತು. ಇಂಥ ಚೀಟಿಗಳು ನಮ್ಮ ಸೀಮೆಗೆ ಹೊಸವಲ್ಲ; ನಾನು ಸ್ಕೂಲಿಗೆ ಹೋಗುವಾಗಲೂ ಇದ್ದವು, ಬಹುಶಃ ಇದೇ ಒಕ್ಕಣೆಯಲ್ಲೇ ಇದ್ದವು. ಕಣ್ಣು ನಿಂತದ್ದು ಚೀಟಿಯ ಕೆಳತುದಿಯಲ್ಲಿ. ಫೋನ್ ನಂಬರಿದ್ದ ಆ ತುದಿಯನ್ನು ಯಾರೋ ಉಗುರಿನಿಂದ ಒಂದಿಷ್ಟೊಂದಿಷ್ಟೇ ಎಬ್ಬಿಸಿ, ಹರಿದು, ಜೇಬಿಗಿಟ್ಟುಕೊಂಡು ಹೋಗಿದ್ದರು. ನಂಬರನ್ನು ಮೊಬೈಲಿಗೆ ಒತ್ತಿಕೊಳ್ಳಲು ಅರ್ಧ ನಿಮಿಷ ಸಾಕು. ಆದರೆ ಅರ್ಧ ನಿಮಿಷ ಆ ಚೀಟಿಯ ಮುಂದೆ ನಿಂತಿದ್ದನ್ನು ಊರಿನವರು ಯಾರಾದರೂ ನೋಡಿಬಿಟ್ಟರೆ? ಹರಿದುಕೊಂಡು ಹೋದವನ ಬೆರಳಿನ ಆತುರ ಇನ್ನೂ ಆ ಕಾಗದದ ಅಂಚಿನಲ್ಲಿ ಉಳಿದಿದೆ ಅನ್ನಿಸಿತು.

ಗುಪ್ತರೋಗ ಎಂಬ ಮಾತನ್ನು ಕಟ್ಟಿದವರು ಯಾರೋ ತಿಳಿಯದು. ಜ್ವರಕ್ಕೆ ಜ್ವರವೆಂದೂ ಕೆಮ್ಮಿಗೆ ಕೆಮ್ಮೆಂದೂ ಹೆಸರಿಟ್ಟ ಜನ, ಈ ಒಂದು ಬಗೆಯ ಕಾಯಿಲೆಗೆ ಮಾತ್ರ ಅದರ ಲಕ್ಷಣದ ಹೆಸರಿಡದೆ ನಾವು ಅದರೊಡನೆ ನಡೆದುಕೊಳ್ಳುವ ರೀತಿಯ ಹೆಸರನ್ನಿಟ್ಟರು. ಹಳ್ಳಿಯ ಕಡೆ ಅದನ್ನೂ ಹೇಳುವುದಿಲ್ಲ, ಉಷ್ಣವಾಗಿದೆ ಅನ್ನುತ್ತಾರೆ. ಉರಿಮೂತ್ರಕ್ಕೂ ಉಷ್ಣ, ಬಿಳುಪು ಹೋಗುವುದಕ್ಕೂ ಉಷ್ಣ, ಹುಣ್ಣಾದರೂ ಉಷ್ಣ. ಎಳನೀರು, ನೆನೆಸಿದ ಮೆಂತ್ಯ, ಜೀರಿಗೆ ನೀರು ಕುಡಿದು ಕಾಯುತ್ತಾರೆ. ಇದರಲ್ಲಿ ನಮ್ಮವರು ಒಂಟಿಯೂ ಅಲ್ಲ. ಸಿಫಿಲಿಸ್‌ ಯೂರೋಪಿನಲ್ಲಿ ಹಬ್ಬಿದಾಗ ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನವರದೆಂದರು. ನಮ್ಮ ದೇಶಕ್ಕೆ ಬಂದಾಗ ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಅದು ಫಿರಂಗರೋಗವಾಯಿತು, ಕನ್ನಡದ ಬಾಯಲ್ಲಿ ಪರಂಗಿ ಹುಣ್ಣಾಯಿತು. ಎಲ್ಲರಿಗೂ ಅದು ಇನ್ನೊಬ್ಬರ ಮನೆಯಿಂದ ಬಂದದ್ದೇ.

ಗುಟ್ಟಿನ ವಿಷಯದಲ್ಲಿ ಕೊಳ್ಳೇಗಾಲದವರು ಮಾತಾಡಿದರೆ ಹೊರಗಿನವರು ನಗುತ್ತಾರೆ, ಗೊತ್ತು. ಮಾಟ ಮಂತ್ರದ ಊರೆಂದು ಹೆಸರು ಬಿದ್ದಿದೆ. ರೇಷ್ಮೆ ನೇಯುವ ಊರೆಂದು ಹೇಳಿದರೆ ಯಾರಿಗೂ ರುಚಿಸುವುದಿಲ್ಲ. ದೂರದೂರುಗಳಿಂದ ಕಾರಿನಲ್ಲಿ ಬಂದು, ಟೀ ಅಂಗಡಿಯಲ್ಲಿ ದನಿ ತಗ್ಗಿಸಿ ವಿಳಾಸ ಕೇಳಿ, ಬಂದಷ್ಟೇ ಸದ್ದಿಲ್ಲದೆ ಹೊರಟುಹೋಗುವವರನ್ನು ನೋಡುತ್ತ ಬೆಳೆದವರು ನಾವು. ಮನುಷ್ಯ ತನ್ನ ಗುಟ್ಟನ್ನು ಗುರುತಿನವರಿಂದ ಆದಷ್ಟು ದೂರ ಒಯ್ದು ಇಳಿಸಬಯಸುತ್ತಾನೆ. ಲಾಡ್ಜಿನ ವೈದ್ಯನ ವ್ಯಾಪಾರ ನಡೆಯುವುದು ಅವನ ಔಷಧದ ಗುಣದಿಂದಲ್ಲ. ಅವನು ಮುಂದಿನ ತಿಂಗಳ ಮೊದಲ ಭಾನುವಾರದ ತನಕ ಈ ಊರಲ್ಲಿರುವುದಿಲ್ಲ ಎಂಬ ನೆಮ್ಮದಿಯಿಂದ.

ಇದನ್ನೆಲ್ಲ ಯೋಚಿಸುತ್ತ ನಿಂತಿದ್ದಾಗಲೇ ರಸ್ತೆಯಲ್ಲಿ ಜಾಲರಿ ಕಿಟಕಿಯ ಪೊಲೀಸ್ ವ್ಯಾನು ಹಾದುಹೋಯಿತು. ಕೋರ್ಟಿನ ಹಾಜರಿ ಮುಗಿಸಿ ಯಳಂದೂರು, ಸಂತೇಮರಹಳ್ಳಿಯ ಮೇಲೆ ಚಾಮರಾಜನಗರದ ಜಿಲ್ಲಾ ಕಾರಾಗೃಹಕ್ಕೆ ಹೊರಟದ್ದಿರಬೇಕು. ಜಾಲರಿಗೆ ನಾಲ್ಕು ಬೆರಳು ಸಿಕ್ಕಿಸಿಕೊಂಡು ಒಬ್ಬ ಹೊರಗೆ ನೋಡುತ್ತಿದ್ದ. ಅಲ್ಲಿಂದ ಸ್ವಲ್ಪ ದೂರ ಸಾಗಿದರೆ ಎಡಗಡೆಗೆ ಅವನಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತದೆ, ಆಮೇಲೆ ಗೋಡೆ. ಅವನ ಗುಟ್ಟನ್ನು ಅವನು ಎಲ್ಲಿ ಇಳಿಸಬೇಕು?

ಜೈಲೆಂದರೆ ಗುಟ್ಟೇ ಇಲ್ಲದ ಜಾಗ. ಬಂದವನ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುತ್ತಾರೆ, ಬಂದ ಕಾಗದವನ್ನು ಇನ್ನೊಬ್ಬರು ಓದುತ್ತಾರೆ, ಮಲಗುವುದೂ ಬೆಳಗಿನ ಬಹಿರ್ದೆಸೆಯೂ ನಾಲ್ಕು ಜನರ ನಡುವೆ. 1894ರ ಕಾರಾಗೃಹ ಕಾಯ್ದೆ, ಒಳಗೆ ಬಂದ ಕೈದಿಯನ್ನು ಆದಷ್ಟು ಬೇಗ ವೈದ್ಯಾಧಿಕಾರಿ ಪರೀಕ್ಷಿಸಬೇಕು, ಅವನ ಆರೋಗ್ಯದ ಸ್ಥಿತಿಯನ್ನೂ ಮೈಮೇಲಿನ ಗಾಯ ಗುರುತುಗಳನ್ನೂ ಪುಸ್ತಕದಲ್ಲಿ ಬರೆಯಬೇಕು ಎಂದು ವಿಧಿಸಿತು. ಆ ಪುಸ್ತಕದ ಉದ್ದೇಶ ಎರಡು ಕಡೆಗೂ ವಾಲುತ್ತದೆ: ಒಳಗೆ ಬಂದಾಗಲೇ ಇದ್ದ ಗಾಯಕ್ಕೆ ಜೈಲು ಹೊಣೆಯಲ್ಲವೆಂದು ತೋರಿಸಲು ಒಂದು, ಒಳಗೆ ಬಂದವನನ್ನು ಕಾಪಾಡಲು ಒಂದು. ಬರೆಯುವವರ ಮನಸ್ಸು ಯಾವ ಕಡೆಗಿದೆ ಅನ್ನುವುದರ ಮೇಲೆ ಅದೇ ಹಾಳೆ ಎರಡು ಬೇರೆ ಹಾಳೆಗಳಾಗುತ್ತದೆ.

ಈಚಿನ ವರ್ಷಗಳಲ್ಲಿ ಆ ಪುಸ್ತಕಕ್ಕೆ ಹೊಸ ಕಾಲಮ್ಮುಗಳು ಬಂದಿವೆ. 2023ರ ಮೇ, ಜೂನ್ ತಿಂಗಳಲ್ಲಿ ದೇಶದ ಜೈಲುಗಳಲ್ಲೂ ಇತರ ಬಂಧನದ ಮನೆಗಳಲ್ಲೂ ಲೈಂಗಿಕ ಸೋಂಕು, ಎಚ್‌ಐವಿ, ಕ್ಷಯ, ಹೆಪಟೈಟಿಸ್‌ ನಾಲ್ಕನ್ನೂ ಒಟ್ಟಿಗೆ ಹುಡುಕುವ ಅಭಿಯಾನ ನಡೆಯಿತು. ಹುಡುಕುವುದಕ್ಕೆ ಕಾರಣವೂ ಇತ್ತು. ದೇಶದ ವಯಸ್ಕರಲ್ಲಿ ಎಚ್‌ಐವಿ ಸೋಂಕು ಶೇಕಡಾ 0.2ರ ಆಸುಪಾಸಿನಲ್ಲಿದ್ದರೆ, ಸರ್ವೇಕ್ಷಣೆಗಳಲ್ಲಿ ಕೈದಿಗಳ ನಡುವೆ ಅದು ಶೇಕಡಾ 2ರ ಹತ್ತಿರ ಕಂಡಿದೆ, ಅಂದರೆ ಹೆಚ್ಚುಕಡಿಮೆ ಹತ್ತರಷ್ಟು. ಈ ಅಂಕಿ ಕೇಳಿದೊಡನೆ ನಮ್ಮ ಮನಸ್ಸು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಗಮನಿಸಿ. ಕೆಟ್ಟವರಿಗೆ ಕೆಟ್ಟ ಕಾಯಿಲೆ ಬಂದಿದೆ, ಲೆಕ್ಕ ಸರಿಹೋಯಿತು ಎಂದು ಒಳಗೊಳಗೇ ಮುಗಿಸಿಬಿಡುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತಲಾರದ ಬಡತನ, ಊರಿಂದೂರಿಗೆ ಕೂಲಿ ಹುಡುಕುವ ಅಲೆದಾಟ, ಕುಡಿತ, ಹಂಚಿಕೊಂಡ ಸೂಜಿ ಇವೆಲ್ಲ ಒಬ್ಬನನ್ನು ಜೈಲಿಗೂ ತಲುಪಿಸುತ್ತವೆ, ಸೋಂಕಿಗೂ ತಲುಪಿಸುತ್ತವೆ ಎಂದು ಯೋಚಿಸಲು ಇನ್ನಷ್ಟು ಹೊತ್ತು ಬೇಕು. ಆ ಹೊತ್ತು ನಮಗೆ ಸಾಮಾನ್ಯವಾಗಿ ಇರುವುದಿಲ್ಲ.

ಅಲ್ಲದೆ ಜೈಲಿನಲ್ಲಿರುವವರೆಲ್ಲ ಕೆಟ್ಟವರೆಂದು ಹೇಳಿದವರು ಯಾರು? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತೇ ಆಗಿರಲಿಲ್ಲ. ಈ ಮಾತನ್ನು ಬೇರೆ ಕಡೆಯವರಿಗೆ ಬಿಡಿಸಿ ಹೇಳಬೇಕಾದೀತು, ನಮ್ಮ ಸೀಮೆಯ ಹನೂರಿನವರಿಗೆ ಬೇಕಿಲ್ಲ. ವೀರಪ್ಪನ್‌ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡೂರುಗಳಿಂದ ಟಾಡಾ ಕಾಯ್ದೆಯಡಿ ಹಿಡಿದು ಮೈಸೂರು ಜೈಲಿಗೆ ಹಾಕಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಏಳೆಂಟು ವರ್ಷ ಒಳಗಿದ್ದು 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ಬಂದಾಗ ಕೆಲವರ ಮಕ್ಕಳಿಗೆ ಅಪ್ಪನ ಗುರುತು ಹತ್ತಲಿಲ್ಲವಂತೆ. ಜೈಲೆಂಬುದು ಇಲ್ಲಿ ಯಾರೋ ದೂರದವರ ಮನೆಯಲ್ಲ.

ರೋಗದ ಕಡೆಯಿಂದ ನೋಡಿದರೆ ಈ ಗುಟ್ಟಿನಲ್ಲಿ ಒಂದು ವಿಚಿತ್ರವಿದೆ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರದಲ್ಲಿ ತಾನಾಗಿ ಮಾಯುತ್ತದೆ. ಎಳನೀರಿನಿಂದಲೇ ಮಾಯಿತೆಂದು ಕುಡಿದವನು ನಂಬುತ್ತಾನೆ. ರೋಗ ಅಲ್ಲಿಂದ ಒಳಗಿಳಿದು ವರ್ಷಗಟ್ಟಲೆ ಸದ್ದಿಲ್ಲದೆ ಕೂತು, ಒಂದು ದಿನ ಹೃದಯಕ್ಕೋ ನರಗಳಿಗೋ ಕೈಹಾಕುತ್ತದೆ. ಬಸುರಿಯ ಮೈಯಲ್ಲಿದ್ದರೆ ಹೊಟ್ಟೆಯ ಕೂಸಿಗೆ ದಾಟುತ್ತದೆ. ಗೊನೋರಿಯಾ ಹೆಂಗಸರಲ್ಲಿ ಎಷ್ಟೋ ಸಲ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹಾಗಾಗಿ, ತೊಂದರೆಯಿದ್ದವರು ಬಂದು ಹೇಳಲಿ ಎಂದು ಕಾದು ಕೂತರೆ ಆಗದು, ಹೋಗಿ ಕೇಳಬೇಕಾಗುತ್ತದೆ. ಇಷ್ಟೆಲ್ಲ ಕಾಡುವ ರೋಗಕ್ಕೆ ಮದ್ದು ಎಷ್ಟು ಸಣ್ಣದು! ಆರಂಭದ ಸಿಫಿಲಿಸ್‌ಗೆ ಬೆಂಜಾಥಿನ್ ಪೆನಿಸಿಲಿನ್ನಿನ 24 ಲಕ್ಷ ಯೂನಿಟ್ಟು, ಅರ್ಧರ್ಧ ಮಾಡಿ ಸೊಂಟದ ಎರಡೂ ಬದಿಗೆ, ಒಂದೇ ದಿನ. ಮುಗಿಯಿತು. ಜಿಲ್ಲಾಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಉಳಿದ ಸೋಂಕುಗಳ ಮಾತ್ರೆಗಳೂ ಬಣ್ಣದ ಪೊಟ್ಟಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಬೂದು ಒಂದಕ್ಕೆ, ಹಸಿರು ಒಂದಕ್ಕೆ, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಒಂದೊಂದಕ್ಕೆ. ಕೊಡುವವರು ಬಣ್ಣ ಹೇಳಿದರೆ ಸಾಕು, ರೋಗದ ಹೆಸರು ಎತ್ತಬೇಕಿಲ್ಲ. ಇದನ್ನು ಏರ್ಪಡಿಸಿದವರು ಔಷಧ ಬೆರೆಯದಿರಲೆಂದು ಮಾಡಿದರೋ ಏನೋ, ನನಗಂತೂ ಅದರಲ್ಲಿ ಒಂದು ಸೌಜನ್ಯ ಕಾಣುತ್ತದೆ.

ಹಳೆಯ ಸಿಫಿಲಿಸ್ ಆದರೆ ಸೂಜಿ ಮೂರು, ವಾರಕ್ಕೊಂದರಂತೆ. ಜೈಲಿನ ತೊಡಕು ಶುರುವಾಗುವುದು ಇಲ್ಲಿ. ಮೊದಲ ಸೂಜಿಗೂ ಎರಡನೆಯದಕ್ಕೂ ನಡುವೆ ಜಾಮೀನು ಸಿಗುತ್ತದೆ! ಯಾರು ತಾನೆ ಸೂಜಿಗಾಗಿ ಜಾಮೀನು ಮುಂದೂಡಿಯಾರು? ಸಂಜೆ ಹೊತ್ತಿಗೆ ಗೇಟು ದಾಟಿದವನು ಕೊನೆಯ ಬಸ್ಸು ಹಿಡಿದು ಊರು ಸೇರುತ್ತಾನೆ, ಉಳಿದ ಎರಡು ಸೂಜಿ ಜೈಲಿನ ಪುಸ್ತಕದಲ್ಲಿ ಖಾಲಿ ಮನೆಗಳಾಗಿ ಉಳಿಯುತ್ತವೆ. ಜೈಲಿನ ಗೋಡೆ ಮನುಷ್ಯನಿಗೆ ಎತ್ತರವೇ ಹೊರತು ಸೋಂಕಿಗಲ್ಲ; ಅದು ಅವನ ಜೊತೆ ಒಳಗೆ ಹೋಗುತ್ತದೆ, ಅವನ ಜೊತೆ ಅವನ ಮನೆಗೆ ಬರುತ್ತದೆ. ಒಳಗಿನವರ ಆರೋಗ್ಯ ನಮಗೇಕೆ ಎಂದು ಕೇಳುವವರು, ಅವರ ಹೆಂಡಿರು ಇರುವುದು ನಮ್ಮ ಬೀದಿಯಲ್ಲೇ ಎಂಬುದನ್ನು ಮರೆತಿರುತ್ತಾರೆ.

ಆದರೂ ಪರೀಕ್ಷೆ ಒಳ್ಳೆಯದು ಎಂದು ಇಷ್ಟಕ್ಕೇ ನಿಲ್ಲಿಸಿಬಿಡಲು ಮನಸ್ಸೊಪ್ಪುವುದಿಲ್ಲ. ಬಂಧನದಲ್ಲಿರುವವರ ಮೈಯನ್ನು ಆಳುವವರು ಯಾಕೆ ನೋಡಿದರು, ಹೇಗೆ ನೋಡಿದರು ಎಂಬುದಕ್ಕೆ ಈ ದೇಶದಲ್ಲಿ ಒಂದು ಹಳೆಯ ಕಥೆಯಿದೆ. ಇಂಗ್ಲಿಷರ ದಂಡಿನ ಸಿಪಾಯಿಗಳಿಗೆ ರೋಗ ತಗಲದಿರಲೆಂದು 1868ರಲ್ಲಿ ಕಾಯ್ದೆ ಮಾಡಿ, ಸೂಳೆಗಾರಿಕೆಯವರೆಂದು ಪಟ್ಟಿಯಲ್ಲಿ ಬರೆದ ಹೆಂಗಸರನ್ನು ಬಲವಂತದಿಂದ ಪರೀಕ್ಷಿಸಿ, ರೋಗ ಕಂಡರೆ ಬೀಗದ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಲಾಕ್ ಹಾಸ್ಪಿಟಲ್ ಎಂದೇ ಅವುಗಳ ಹೆಸರು. ಬೆಂಗಳೂರಿನ ದಂಡಿನಲ್ಲೂ ಒಂದಿತ್ತು. ಪರೀಕ್ಷೆಗೆ ತಪ್ಪಿಸಿಕೊಂಡವಳಿಗೆ ಶಿಕ್ಷೆ. ಅವಳ ಬಳಿ ಹೋದ ಸಿಪಾಯಿಗೆ ಪಟ್ಟಿಯೂ ಇಲ್ಲ, ಬೀಗವೂ ಇಲ್ಲ. ಆ ಕಾಯ್ದೆ 1888ರಲ್ಲಿ ಹೋಯಿತು. ಅದರ ಹಿಂದಿದ್ದ ಬುದ್ಧಿ ಅಷ್ಟು ಬೇಗ ಹೋಗಲಿಲ್ಲ.

ಹೆಚ್ಚುಕಡಿಮೆ ನೂರು ವರ್ಷದ ಮೇಲೆ, 1986ರಲ್ಲಿ, ಈ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದೂ ಬಂಧನದ ಮನೆಯೊಂದರಿಂದಲೇ. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಸುನೀತಿ ಸಾಲೊಮನ್ ಅವರ ಕೈಕೆಳಗೆ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಎಂಬ ತರುಣಿ, ವೇಶ್ಯಾವೃತ್ತಿಯ ಮೇಲೆ ಹಿಡಿತಂದು ಸರಕಾರಿ ವಿಜಿಲೆನ್ಸ್ ಹೋಮಿನಲ್ಲಿ ಇಟ್ಟಿದ್ದ ಹೆಂಗಸರ ರಕ್ತ ತೆಗೆದು, ಮನೆಯ ಫ್ರಿಜ್ಜಿನಲ್ಲಿಟ್ಟು, ರೈಲಿನಲ್ಲಿ ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಆ ಸಾಧನೆ ಸಣ್ಣದಲ್ಲ. ಅದರಿಂದಲೇ ದೇಶ ಎಚ್ಚೆತ್ತಿತು. ಆದರೆ ಏನನ್ನು ಹುಡುಕುತ್ತಿದ್ದೇನೆಂದು ಆ ಹೆಂಗಸರಿಗೆ ಹೇಳಿರಲಿಲ್ಲವೆಂದೂ, ಎಂದಿನ ಲೈಂಗಿಕ ರೋಗಗಳ ಪರೀಕ್ಷೆಯೆಂದೇ ಅವರು ತಿಳಿದಿದ್ದರೆಂದೂ ನಿರ್ಮಲಾ ಅವರೇ ಎಷ್ಟೋ ವರ್ಷದ ಮೇಲೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಅಂದಿನ ರೂಢಿಯೇ ಹಾಗಿತ್ತು, ಅವರೊಬ್ಬರನ್ನು ದೂರುವುದು ನ್ಯಾಯವಲ್ಲ. ನನ್ನನ್ನು ಕಾಡುವುದು ಅಲ್ಲಿ ಸಾಲಾಗಿ ಕೂತು ತೋಳು ಚಾಚಿದ ಆ ಹೆಂಗಸರು. ಚಾಚು ಅಂದಾಗ ಚಾಚುವುದು ಅವರಿಗೆ ಅಭ್ಯಾಸವಾಗಿತ್ತು. ನಮಗೆಲ್ಲ ಎಚ್ಚರ ತಂದ ರಕ್ತ ಕೊಟ್ಟವರು ತಾವೆಂದು ಅವರಲ್ಲಿ ಎಷ್ಟು ಜನರಿಗೆ ತಿಳಿಯಿತೋ.

ಈಗ ಕಾನೂನು ಬೇರೆಯಿದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಕೂಡದು, ಫಲಿತಾಂಶ ಬಯಲು ಮಾಡಕೂಡದು, ಸರಕಾರದ ವಶದಲ್ಲಿರುವ ಪ್ರತಿಯೊಬ್ಬರಿಗೂ ಪರೀಕ್ಷೆ, ಸಮಾಲೋಚನೆ, ಚಿಕಿತ್ಸೆಗಳ ಹಕ್ಕಿದೆ ಎನ್ನುತ್ತದೆ ಅದು. ಅದಕ್ಕೆ ಸರಿಯಾಗಿ ನಾಲ್ಕು ದಿನ ಮೊದಲು ಸುಪ್ರೀಂ ಕೋರ್ಟು, ಒಪ್ಪಿಗೆಯಿಂದ ಕೂಡುವ ವಯಸ್ಕರನ್ನು ದಂಡ ಸಂಹಿತೆಯ 377ನೆಯ ಕಲಮಿನಿಂದ ಬಿಡುಗಡೆ ಮಾಡಿತ್ತು. ಜೈಲಿನಲ್ಲಿ ಗಂಡಸರ ನಡುವೆ ಅಂಥದ್ದು ನಡೆಯುವುದೇ ಇಲ್ಲ, ನಡೆದರೆ ಅದು ಅಪರಾಧ, ಆದ್ದರಿಂದ ಕಾಂಡೋಮ್ ಕೊಡುವಂತಿಲ್ಲ ಎಂಬ ವಾದ 1994ರಲ್ಲಿ ತಿಹಾರ್ ಜೈಲಿನ ವಿಷಯದಲ್ಲಿ ಕೇಳಿಬಂದಿತ್ತು. ಇಲ್ಲವೆನ್ನುವುದೂ ಇದ್ದರೆ ತಪ್ಪೆನ್ನುವುದೂ ಒಂದೇ ಉಸಿರಿನಲ್ಲಿ! ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ಈ ಕಲೆ ಜೈಲಿನವರದು ಮಾತ್ರವಲ್ಲ, ನಮ್ಮ ಎಲ್ಲ ಮನೆಗಳದೂ.

ನಾಚಿಕೆಯ ರೋಗವೊಂದನ್ನು ಬೆಳಕಿಗೆ ತಂದ ಉದಾಹರಣೆ ಬೇಕಾದರೆ ನಾವು ದೂರ ಹೋಗಬೇಕಿಲ್ಲ. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠ ಎಷ್ಟು ಹಬ್ಬಿತ್ತೆಂದರೆ ಎಂಬತ್ತರ ದಶಕದಲ್ಲಿ ಸಾವಿರಕ್ಕೆ ಇಪ್ಪತ್ತೊಂದು ಜನರಿಗೆ ಅದಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡುತ್ತಿದ್ದ ಡಾ. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದ್ದೇ ಅದಕ್ಕಾಗಿ. ಮನೆ ಮನೆಗೆ ಹೋದರು, ಮಚ್ಚೆ ನೋಡಿದರು, ಮಾತ್ರೆ ಕೊಟ್ಟರು, ಮತ್ತೆ ಹೋದರು. ಇಪ್ಪತ್ತು ವರ್ಷದೊಳಗೆ ಅದು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಬಡ ಕುಷ್ಠರೋಗಿಯನ್ನು ಕಂಡರೆ ವಾರಂಟಿಲ್ಲದೆ ಹಿಡಿಯಲು ಪೊಲೀಸರಿಗೆ ಅಧಿಕಾರ ಕೊಟ್ಟಿದ್ದ 1898ರ ಕಾಯ್ದೆಯಿಂದ ಆಗದಿದ್ದದ್ದು ಮನೆಯ ಜಗುಲಿಯಲ್ಲಿ ಕೂತು ಮಾತಾಡಿದ್ದರಿಂದ ಆಯಿತು. ನಮ್ಮ ನೀಲಗಾರರಿಗೆ ಇದು ಮೊದಲೇ ತಿಳಿದಿತ್ತೇನೋ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಅವರ ಕಥೆಯಲ್ಲಿ ಮಂಟೇಸ್ವಾಮಿ ಕಲ್ಯಾಣ ಪಟ್ಟಣಕ್ಕೆ ಬರುವುದು ಮೈಯೆಲ್ಲ ಕೊಳೆತು ನಾರುವ ಕುಷ್ಠರೋಗಿಯಾಗಿ. ಬಾಗಿಲು ಕಾಯುವವರು ಅವನನ್ನು ಹೊಡೆದಟ್ಟುತ್ತಾರೆ. ಬಸವಣ್ಣನಿಗೆ ಗುರುತು ಸಿಗುತ್ತದೆ, ಅದೂ ತಡವಾಗಿ. ಹಾಡುವವರು ಈ ಭಾಗಕ್ಕೆ ಬಂದಾಗ ಅವಸರ ಮಾಡುವುದಿಲ್ಲ. ನಾತವನ್ನು ಬಣ್ಣಿಸಿ ಬಣ್ಣಿಸಿ ಕೇಳುವವರ ಮೂಗಿಗೆ ತಾಕಿಸಿದ ಮೇಲೆಯೇ ಮುಂದಕ್ಕೆ ಹೋಗುತ್ತಾರೆ.

ನನಗೆ ಪರಿಚಯದ ಒಬ್ಬ ಆಪ್ತ ಸಮಾಲೋಚಕಿ ಇದ್ದಾರೆ. ಹೆಸರು ಬೇಡ, ಹೆಸರು ಹೇಳದಿರುವುದೇ ಅವರ ಕೆಲಸ. ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ಕೂರುವ ಇವರಿಗೆ ಈ ಹೆಸರಿಟ್ಟವರು ಯಾರೋ, ಅವರಿಗೊಂದು ನಮಸ್ಕಾರ. ಸರಕಾರದ ಕನ್ನಡ ಸಾಮಾನ್ಯವಾಗಿ ಹಲ್ಲಿಗೆ ಸಿಕ್ಕುವ ಕಲ್ಲಿನಂತಿರುತ್ತದೆ. ಗುಪ್ತಕ್ಕೆ ಎದುರಾಗಿ ಆಪ್ತವನ್ನು ತಂದು ನಿಲ್ಲಿಸಿದ ಈ ಒಂದು ಮಾತು ಮಾತ್ರ ಕವಿಯ ಕೈಯಿಂದ ಬಂದಂತಿದೆ. ಗುಟ್ಟನ್ನು ಮುಚ್ಚಿಡುವುದಕ್ಕೂ ಗುಟ್ಟನ್ನು ಕಾಪಾಡುವುದಕ್ಕೂ ಇರುವ ದೂರ ಈ ಎರಡು ಮಾತುಗಳ ನಡುವಿನಷ್ಟೇ ಅಲ್ಲವೇ? ಮುಚ್ಚಿಡಲು ಒಬ್ಬರು ಸಾಕು. ಕಾಪಾಡಲು ಇಬ್ಬರು ಬೇಕು.

ಜೈಲೊಂದರ ಕ್ಯಾಂಪಿಗೆ ಹೋದಾಗಿನದನ್ನು ಅವರು ಹೇಳಿದರು. ಜಗುಲಿಯಲ್ಲಿ ಮೇಜು ಹಾಕಿಕೊಟ್ಟಿದ್ದರು, ಪಕ್ಕದಲ್ಲೇ ವಾರ್ಡರು ನಿಂತಿದ್ದ. ಇವರು ಮೊದಲು ಮಾಡಿದ್ದು ಆ ಮೇಜನ್ನು ಜಗುಲಿಯ ಮೂಲೆಗೆ ತಳ್ಳಿಸಿ, ಕುರ್ಚಿಯನ್ನು ಸಾಲಿಗೆ ಬೆನ್ನಾಗುವಂತೆ ತಿರುಗಿಸಿದ್ದು. ಆಮೇಲೆ ವಾರ್ಡರನ ಹತ್ತಿರ ಹೋಗಿ, ನಿಮ್ಮ ಕಣ್ಣಿಗೆ ಕಾಣ್ತಾ ಇರ್ತೀವಿ ಅಣ್ಣಾ, ಕಿವಿಗೆ ಮಾತ್ರ ಬೇಡ ಎಂದು ಹೇಳಿ ಆ ತುದಿಯ ಕಂಬದ ಹತ್ತಿರ ಕೂರಿಸಿ ಬಂದರು. ಅವನೂ ಗೊಣಗದೆ ಹೋದನಂತೆ. ಹಾಗೆ ಬಂದು ಕೂತವರಲ್ಲಿ ಹನೂರು ಕಡೆಯವನೊಬ್ಬ. ಏನು ತೊಂದರೆ ಎಂದರೆ, "ಏನಿಲ್ಲ ಕನಮ್ಮ, ಉಷ್ಣ" ಎಂದ. ಯಾವ ಯಾವ ಪರೀಕ್ಷೆ, ಯಾಕೆ, ಯಾರಿಗೆ ತಿಳಿಯುತ್ತದೆ, ಯಾರಿಗೆ ತಿಳಿಯುವುದಿಲ್ಲ ಎಂದೆಲ್ಲ ಹೇಳಿ, ರಕ್ತ ಕೊಡುತ್ತೀಯಾ ಎಂದು ಕೇಳಿದಾಗ ಅವನು ಆಗಲೇ ಶರ್ಟಿನ ತೋಳು ಮಡಿಸಿ ಕೈ ಚಾಚಿದ್ದ.

"ತಕ್ಕಳಿ. ಇಲ್ಲಿ ಬ್ಯಾಡ ಅನ್ನಕ್ಕಾದ್ದಾ?"

"ಆಯ್ತದೆ ಕನಪ್ಪ. ಬ್ಯಾಡ ಅಂದ್ರೆ ಬ್ಯಾಡ. ಎದ್ದು ಹೋಗು, ಯಾರೂ ಏನೂ ಅನ್ನಕಿಲ್ಲ."

ಅವನು ಒಂದು ಗಳಿಗೆ ಅವರ ಮುಖ ನೋಡಿ, ಮಡಿಸಿದ್ದ ತೋಳನ್ನು ಇಳಿಸಿಕೊಂಡು ನಿಜಕ್ಕೂ ಎದ್ದು ಹೋದ. ಹಾಗೆ ಹೋದದ್ದನ್ನು ಹೇಳುವಾಗ ಆಕೆಯ ಮುಖದಲ್ಲಿ ಸೋಲಿನ ಕಳೆ ಇರಲಿಲ್ಲ. ಒಳಗೆ ಬಂದ ಮೇಲೆ ಆತ ಬೇಡ ಅಂದದ್ದು ಅದೇ ಮೊದಲಿರಬಹುದು, ಆ ಬೇಡ ನಡೆಯುತ್ತದೋ ಇಲ್ಲವೋ ನೋಡಬೇಕಾಗಿತ್ತು ಅವನಿಗೆ, ಅಂದರು. ಲ್ಯಾಬ್ ಟೆಕ್ನಿಷಿಯನ್ ಸೂಜಿ ಹತ್ತಿಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ, ಸಾಲೆಲ್ಲ ಕರಗಿದ ಮೇಲೆ, ಆತ ತಾನಾಗಿ ಬಂದು ಕುರ್ಚಿಯಲ್ಲಿ ಕೂತನಂತೆ. ಈ ಸಲ ಮಾತಿಲ್ಲ, ಶರ್ಟಿನ ತೋಳನ್ನು ತಾನೇ ಮೇಲಕ್ಕೆ ಸರಿಸಿಕೊಂಡ.

ಮುಂದಿನ ವಾರ ಫಲಿತಾಂಶ ತಂದು ಹೇಳಿದಾಗ ಅವನು ತನ್ನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸೂಜಿ ಹಾಕಿಸಿಕೊಂಡ, ಲುಂಗಿ ಸರಿಮಾಡಿಕೊಂಡ, ಕಂಬದ ಹತ್ತಿರ ಕೂತ ವಾರ್ಡರನ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ, "ಅವ್ಳಿಗೂ ಇದ್ದದಾ?" ಅಂದ. ಇರಬಹುದು, ನೋಡಬೇಕು, ಇದ್ದರೆ ವಾಸಿಯಾಗುತ್ತದೆ ಅಂದರು ಇವರು. "ನಾ ಹೆಂಗೆ ಯೋಳದು?" ಅದಕ್ಕೆ ಆಕೆಯ ಬಳಿಯೂ ತಕ್ಷಣ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದರು. ಹೆಂಡತಿ ತಿಂಗಳಿಗೊಮ್ಮೆ ಸಂದರ್ಶನಕ್ಕೆ ಬರುತ್ತಾಳೆ, ಓದು ಬರಹ ಬಾರದು, ಹನೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಬರುವುದು ಗೊತ್ತು ಎಂದು ಅವನೇ ಒಂದೊಂದಾಗಿ ಹೇಳಿದ. ಆಕೆ ನೋಟ್‌ಬುಕ್ಕಿನಿಂದ ಒಂದು ಹಾಳೆಯನ್ನು ಹರಿದು ಬರೆದುಕೊಟ್ಟರು. ರೋಗದ ಹೆಸರಿಲ್ಲ, ಅವನ ಹೆಸರಿಲ್ಲ, ಅವಳದೂ ಇಲ್ಲ. ಕೊಳ್ಳೇಗಾಲದ ಆಸ್ಪತ್ರೆಯ ಒಂದು ರೂಮಿನ ನಂಬರು, ಮಂಗಳವಾರ ಎಂಬ ಒಂದು ಮಾತು, ಅವಳಿಗೆ ಓದಲು ಬಾರದೆಂದು ಪಕ್ಕದಲ್ಲೊಂದು ಬಸ್ಸಿನ ಚಿತ್ರ, ಬಸ್ಸಿಳಿದ ಮೇಲೆ ಯಾವ ಕಡೆಗೆ ತಿರುಗಬೇಕೆಂದು ಒಂದು ಬಾಣದ ಗುರುತು.